ಕ್ಯಾಲಥಿಯಾ ಎಲೆ ಸುರುಳಿ ಸುತ್ತಿ ಅಂಚು ಒಣಗುತ್ತಿದೆ, ನೀರು ಹಾಕಿದಷ್ಟೂ ಜಾಸ್ತಿ ಆಗ್ತಿದೆ

ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ಏಳು ತಿಂಗಳ ಹಿಂದೆ ಒಂದು ಕ್ಯಾಲಥಿಯಾ ಆರ್ಬಿಫೋಲಿಯಾ ತಂದೆ. ದುಂಡಗಿನ ದೊಡ್ಡ ಎಲೆ, ಮೇಲೆ ಬೆಳ್ಳಿ ಬಣ್ಣದ ಪಟ್ಟೆ ಇರುತ್ತದಲ್ಲ, ಅದೇ. ತಂದಾಗ ಹನ್ನೊಂದು ಎಲೆ ಇದ್ದವು. ಈಗ ಏಳು. ಅವುಗಳ ಅಂಚೂ ಕಂದಾಗಿದೆ, ಮುಟ್ಟಿದರೆ ಸುಟ್ಟ ಕಾಗದದ ಹಾಗೆ ಪುಡಿಯಾಗುತ್ತದೆ. ಹೋದ ವಾರದಿಂದ ಎಲೆಗಳು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತಿವೆ.

ಬಾಯಾರಿಕೆ ಇರಬೇಕು ಅಂದುಕೊಂಡು, ದಿನ ಬಿಟ್ಟು ದಿನ ನೀರು ಹಾಕುತ್ತಿದ್ದವಳು ಈಗ ದಿನಾ ಹಾಕುತ್ತಿದ್ದೇನೆ. ಜೊತೆಗೆ ದಿನಕ್ಕೆ ನಾಲ್ಕು ಸಲ ಸ್ಪ್ರೇ. ಕಿಟಕಿಯಿಂದ ಎಂಟು ಅಡಿ ದೂರದಲ್ಲಿ, ಪುಸ್ತಕದ ಕಪಾಟಿನ ಪಕ್ಕ ಇಟ್ಟಿದ್ದೇನೆ, ಬಿಸಿಲು ಬೀಳುವುದೇ ಇಲ್ಲ. ನರ್ಸರಿಯ ಪ್ಲಾಸ್ಟಿಕ್ ಕುಂಡವನ್ನೇ ಒಂದು ಬಿಳಿ ಪಿಂಗಾಣಿ ಕುಂಡದೊಳಗೆ ಇಳಿಸಿದ್ದೇನೆ, ಚೆಂದ ಕಾಣಲಿ ಅಂತ. ನಾನು ಇನ್ನೇನು ಮಾಡಬೇಕು ಹೇಳಿ. ಇದಕ್ಕಿಂತ ಜಾಸ್ತಿ ಆರೈಕೆ ನನಗೆ ಗೊತ್ತಿಲ್ಲ.

ಮಂಜುಹನಿ

ಗಾಳಿ ಒಣಗಿದೆ, ಅಷ್ಟೇ. ಇವು ಮಳೆಕಾಡಿನ ಗಿಡಗಳು. ದೊಡ್ಡ ಮರಗಳ ನೆರಳಲ್ಲಿ, ತೇವದ ಗಾಳಿಯಲ್ಲಿ ಬೆಳೆದವು. ನಮ್ಮ ರೂಮಿನ ಗಾಳಿಗೆ ಎಲೆಯ ಅಂಚು ಮೊದಲು ಒಣಗುತ್ತದೆ. ಕುಂಡದ ಕೆಳಗೆ ಬೆಣಚುಕಲ್ಲು ತುಂಬಿದ ತಟ್ಟೆ ಇಟ್ಟು ಅದಕ್ಕೆ ನೀರು ಹಾಕಿ. ಸ್ಪ್ರೇ ನಾಲ್ಕು ಸಲ ಸಾಲದು, ಆರು ಸಲ ಮಾಡಿ.

ಸೋಮಾರಿ ತೋಟಗಾರ

ಆರು ಸಲ ಸ್ಪ್ರೇ ಮಾಡುವವರಿಗೆ ಕೆಲಸಕ್ಕೆ ರಜೆ ಯಾರು ಕೊಡುತ್ತಾರೆ ಸ್ವಾಮಿ? ಇದಕ್ಕೇ ನಾನು ಸ್ನೇಕ್ ಪ್ಲಾಂಟ್ ಬಿಟ್ಟು ಬೇರೆ ಏನೂ ಸಾಕುವುದಿಲ್ಲ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೂ ನಾನು ಹೋಗಿದ್ದೇ ಅದಕ್ಕೆ ಗೊತ್ತಾಗಿರುವುದಿಲ್ಲ.

ಗಾಜಿನ ಮನೆ

ಅಂಚು ಕಂದಾಗುವುದಕ್ಕೆ ನೀರನ್ನೂ ನೋಡಬೇಕು. ಕ್ಯಾಲಥಿಯಾ, ಮರಾಂಟಾ, ಡ್ರಸೀನಾ, ಸ್ಪೈಡರ್ ಪ್ಲಾಂಟ್ ಇವೆಲ್ಲ ನೀರಿನ ಉಪ್ಪಿನಂಶ ಮತ್ತು ಫ್ಲೋರೈಡಿಗೆ ಬೇಗ ಸೊರಗುತ್ತವೆ. ಬೇರು ನೀರಿನ ಜೊತೆ ಅದನ್ನೂ ಹೀರುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಎಲೆಯ ತುದಿ, ಅಂಚಲ್ಲೇ ಕೂತು ಸುಡುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯಾ ನೋಡಿ.

ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ಇಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಹಾಗೆ ಇಟ್ಟರೆ ಕ್ಲೋರಿನ್ ಮಾತ್ರ ಹಾರಿಹೋಗುತ್ತದೆ. ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿ ಮಾಡುವ ಕ್ಲೋರಮಿನ್ ಬೆರೆಸಿದ್ದರೆ ಅದೂ ಸುಲಭಕ್ಕೆ ಹೋಗುವುದಿಲ್ಲ. ಫ್ಲೋರೈಡ್ ಅಂತೂ ಎಷ್ಟು ದಿನ ಇಟ್ಟರೂ ಅಲ್ಲೇ ಇರುತ್ತದೆ. ಕುದಿಸಿದರೆ ನೀರು ಕಡಿಮೆಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಮಳೆ ನೀರು, ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರು ಬಳಸಿ.

ಎಲೆಮರೆ

ಮೂರನೇ ಮಹಡಿಯವರೇ, ಒಂದು ನಿಮಿಷ. ಇವರಿಬ್ಬರು ಹೇಳಿದ್ದೂ ಇರಬಹುದು. ಆದರೆ ಗಿಡ ನೋಡದೆ ಔಷಧಿ ಬರೆಯುವುದು ಬೇಡ. ಮೂರು ಕೆಲಸ ಮಾಡಿ ಬಂದು ಹೇಳಿ.

ಮೊದಲನೆಯದು, ಒಳಗಿನ ಪ್ಲಾಸ್ಟಿಕ್ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ. ಭಾರ ಎಷ್ಟಿದೆ? ಎರಡನೆಯದು, ಬೆರಳನ್ನು ಎರಡು ಗೆಣ್ಣು ಆಳಕ್ಕೆ ಮಣ್ಣಲ್ಲಿ ಇಳಿಸಿ, ತೆಗೆದು ಮೂಸಿ ನೋಡಿ. ಮೂರನೆಯದು, ಬಿಳಿ ಪಿಂಗಾಣಿ ಕುಂಡದ ತಳ ಇಣುಕಿ ನೋಡಿ.

ಅಲ್ಲಿಯವರೆಗೆ ಒಂದು ಹನಿ ನೀರೂ ಬೇಡ.

ಮಂಜುಹನಿ

ಎಲೆ ಸುರುಳಿ ಸುತ್ತಿದೆ ಅಂತಿದ್ದಾರೆ, ನೀವು ನೀರು ಹಾಕಬೇಡಿ ಅಂತೀರಲ್ಲ? ಸುರುಳಿ ಸುತ್ತುವುದು ಬಾಯಾರಿಕೆಯ ಗುರುತಲ್ವಾ?

ಎಲೆಮರೆ

ಬಾಯಾರಿಕೆಯ ಗುರುತೇ, ತಪ್ಪಿಲ್ಲ. ಎಲೆಗೆ ನೀರು ಸಿಗುತ್ತಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಅಂತ ಸುತ್ತಿಕೊಳ್ಳುತ್ತದೆ. ಆದರೆ ಎಲೆಗೆ ನೀರು ಸಿಗದಿರುವುದಕ್ಕೆ ಎರಡು ಕಾರಣ ಇರಬಹುದು. ಮಣ್ಣಲ್ಲಿ ನೀರಿಲ್ಲದಿರಬಹುದು. ಇಲ್ಲವೇ ನೀರು ಬೇಕಾದಷ್ಟಿದ್ದು, ಅದನ್ನು ಎಳೆಯುವ ಬೇರೇ ಸತ್ತಿರಬಹುದು. ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿದ್ದರೆ ಗಾಳಿ ಸಿಗದೆ ಕೊಳೆಯುತ್ತದೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನಾವು ಪಾಪ ಅಂತ ಇನ್ನೊಂದು ಲೋಟ ನೀರು ಸುರಿಯುತ್ತೇವೆ. ನಾನು ಹೀಗೇ ಮೂರು ಗಿಡ ಕೊಂದಿದ್ದೇನೆ, ಮೂರಕ್ಕೂ ತುಂಬಾ ಪ್ರೀತಿ ಮಾಡಿದ್ದೆ.

ಮೂರನೇ ಮಹಡಿ

ಅಯ್ಯೋ.

ಪ್ಲಾಸ್ಟಿಕ್ ಕುಂಡ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಪಿಂಗಾಣಿ ಕುಂಡದ ತಳದಲ್ಲಿ ಎರಡು ಇಂಚು ನೀರು ನಿಂತಿದೆ. ಕಪ್ಪು ನೀರು. ಚರಂಡಿ ವಾಸನೆ. ಇಷ್ಟು ದಿನ ಮೇಲಿನ ಮಣ್ಣು ಮಾತ್ರ ಮುಟ್ಟಿ ನೋಡುತ್ತಿದ್ದೆ. ಅದು ಒಣಗಿದಂತೆಯೇ ಇರುತ್ತಿತ್ತು.

ಗಿಡವನ್ನೂ ಹೊರಗೆ ತೆಗೆದೆ. ಬೇರುಗಳು ಕಂದು ಬಣ್ಣಕ್ಕೆ ತಿರುಗಿವೆ. ಒಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಹೊರಗಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೇ ಬಂತು, ಒಳಗೆ ದಾರದಂಥ ಒಂದು ಎಳೆ ಮಾತ್ರ ಉಳಿಯಿತು. ಇನ್ನೊಂದು ಭಯ. ಕೆಲವು ಬೇರುಗಳ ಮೇಲೆ ಕಡಲೆಕಾಳಿನಷ್ಟು ದಪ್ಪದ ಗಂಟುಗಳಿವೆ. ಇದು ಹುಳವಾ, ರೋಗವಾ? ಎಲ್ಲ ಕತ್ತರಿಸಿ ಹಾಕಲಾ?

ಎಲೆಮರೆ

ಕತ್ತರಿ ಕೆಳಗಿಡಿ! ಗಂಟನ್ನು ಮೊದಲು ಒತ್ತಿ ನೋಡಿ. ಗಟ್ಟಿಯಾಗಿ, ಒಳಗೆ ಬೆಳ್ಳಗೆ ಇದ್ದರೆ ಅದು ರೋಗ ಅಲ್ಲ. ಈ ಜಾತಿಯ ಎಷ್ಟೋ ಗಿಡಗಳು ಬೇರಲ್ಲಿ ಪುಟ್ಟ ಗಡ್ಡೆ ಮಾಡಿಕೊಂಡು ನೀರು, ಆಹಾರ ಕೂಡಿಡುತ್ತವೆ. ಅದು ನಿಮ್ಮ ಗಿಡದ ಉಳಿತಾಯ ಖಾತೆ. ಒತ್ತಿದರೆ ಪಿಚಕ್ಕನೆ ಆಗುವುದನ್ನು ಮಾತ್ರ ತೆಗೆಯಿರಿ.

ಬೇರಿಗೂ ಇದೇ ಪರೀಕ್ಷೆ. ಬಣ್ಣ ನಂಬಬೇಡಿ, ಮಣ್ಣು ತಗುಲಿ ಒಳ್ಳೆಯ ಬೇರೂ ಕಂದಾಗಿ ಕಾಣುತ್ತದೆ. ಗಟ್ಟಿಯಾಗಿದ್ದರೆ ಇರಲಿ. ಮೆತ್ತಗಾಗಿ ಸಿಪ್ಪೆ ಜಾರಿದರೆ, ವಾಸನೆ ಇದ್ದರೆ, ಗಟ್ಟಿ ಭಾಗ ಸಿಗುವ ತನಕ ಕತ್ತರಿಸಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಹಳೇ ಮಣ್ಣು ಪೂರ್ತಿ ಬಿಸಾಕಿ, ಮತ್ತೆ ಬಳಸಬೇಡಿ.

ಹೊಸ ಮಿಶ್ರಣ ನಾನು ಮಾಡುವುದು ಹೀಗೆ: ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು), ಒಂದು ಪಾಲು ಮರದ ತೊಗಟೆಯ ಚೂರು, ಒಂದು ಹಿಡಿ ಎರೆಗೊಬ್ಬರ. ಈ ಸಲ ಎರೆಗೊಬ್ಬರ ಬಿಟ್ಟುಬಿಡಿ. ಗಾಯ ಆದ ಬೇರಿಗೆ ಗೊಬ್ಬರ ಬೇಡ. ಕುಂಡ ಎಷ್ಟು ದೊಡ್ಡದಿರಬೇಕು ಅಂದರೆ, ಉಳಿದ ಬೇರಿನ ಸುತ್ತ ಒಂದು ಬೆರಳಗಲ ಜಾಗ, ಅಷ್ಟೇ. ಬೆಳೆಯುತ್ತದಲ್ಲ ಅಂತ ದೊಡ್ಡ ಕುಂಡಕ್ಕೆ ಹಾಕಿದರೆ ಬೇರಿಲ್ಲದ ಕಡೆ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಮತ್ತೆ ಇದೇ ಕಥೆ.

ಸೋಮಾರಿ ತೋಟಗಾರ

ಕುಂಡದ ತಳಕ್ಕೆ ಒಂದಿಷ್ಟು ಜಲ್ಲಿಕಲ್ಲು ಹಾಕಿದರೆ ನೀರು ಸಲೀಸಾಗಿ ಇಳಿಯುತ್ತದಲ್ಲ? ನಾನು ಎಲ್ಲಾ ಕುಂಡಕ್ಕೂ ಹಾಗೇ ಮಾಡುವುದು.

ಗಾಜಿನ ಮನೆ

ಎಲ್ಲರೂ ಹೇಳುತ್ತಾರೆ, ಆದರೆ ಆಗುವುದು ಉಲ್ಟಾ. ಸಣ್ಣ ಕಣದ ಮಣ್ಣು ನೀರನ್ನು ಸ್ಪಂಜಿನ ಹಾಗೆ ಹಿಡಿದುಕೊಳ್ಳುತ್ತದೆ. ಕೆಳಗೆ ಕಲ್ಲಿನ ದೊಡ್ಡ ಸಂದಿ ಇದೆ ಅಂತ ಬಿಟ್ಟುಕೊಡುವುದಿಲ್ಲ. ತನ್ನ ತಳ ಪೂರ್ತಿ ನೆನೆದು ತುಂಬಿದ ಮೇಲೆ ಮಾತ್ರ ಹನಿ ಬಿಡುತ್ತದೆ. ಅಂದರೆ ಒದ್ದೆ ಪದರ ಕುಂಡದ ತಳದಲ್ಲಿ ಇರುವ ಬದಲು ಕಲ್ಲಿನ ಮೇಲೆ, ಬೇರಿಗೆ ಇನ್ನೂ ಹತ್ತಿರ ಬಂದು ಕೂರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಒಂದು ರಾಶಿ ಕಲ್ಲಿನ ಮೇಲೆ ಇಡಿ, ನೀರೆಲ್ಲ ಇಳಿದುಹೋಗುತ್ತದಾ ನೋಡಿ. ತಳಕ್ಕೆ ತೂತು ಬೇಕು, ಮಿಶ್ರಣ ಹಗುರ ಇರಬೇಕು. ಕಲ್ಲು ಬೇಡ.

ಸೋಮಾರಿ ತೋಟಗಾರ

ಸ್ಪಂಜ್ ಪ್ರಯೋಗ ಮಾಡಿದೆ. ಮಾತಾಡಲ್ಲ.

ಬೆಕ್ಕಿನ ಕಾವಲು

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ಬೆಕ್ಕು ಎಲೆ ಕಂಡರೆ ಕಚ್ಚುತ್ತದೆ. ಕ್ಯಾಲಥಿಯಾ ಇಡಬಹುದಾ?

ಎಲೆಮರೆ

ಇಡಬಹುದು. ಬೆಕ್ಕು, ನಾಯಿಗೆ ಇದು ವಿಷ ಅಲ್ಲ. ತುಂಬಾ ತಿಂದರೆ ವಾಂತಿ ಮಾಡಬಹುದು, ಅದು ಯಾವ ಹುಲ್ಲು ತಿಂದರೂ ಮಾಡುತ್ತದೆ. ಎಚ್ಚರ ಬೇಕಾಗಿರುವುದು ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಮನಿ ಪ್ಲಾಂಟ್, ಡೀಫನ್‌ಬೇಕಿಯಾ ಇಂಥವುಗಳಲ್ಲಿ. ಅವುಗಳ ಎಲೆ, ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರುತ್ತವೆ. ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ಚಿಕ್ಕ ಮಕ್ಕಳಿದ್ದರೂ ಅಷ್ಟೇ ಜಾಗ್ರತೆ.

ಮೂರನೇ ಮಹಡಿ

ಕೆಲಸ ಮುಗಿಯಿತು. ಅರ್ಧಕ್ಕಿಂತ ಜಾಸ್ತಿ ಬೇರು ಹೋಯಿತು. ಗಂಟುಗಳಲ್ಲಿ ಒಂದು ಬಿಟ್ಟು ಎಲ್ಲ ಗಟ್ಟಿಯಾಗಿದ್ದವು, ಉಳಿಸಿಕೊಂಡೆ. ಏಳು ಎಲೆಯಲ್ಲಿ ತೀರಾ ಹಾಳಾದ ಮೂರನ್ನು ಬುಡದಲ್ಲೇ ಕತ್ತರಿಸಿದೆ, ಇರುವಷ್ಟು ಬೇರಿಗೆ ಅಷ್ಟೊಂದು ಎಲೆ ಸಾಕಲು ಆಗಲಿಕ್ಕಿಲ್ಲ ಅಂತ. ಸರಿ ಮಾಡಿದೆನಾ? ಕತ್ತರಿಸಿದ ಎಲೆಯನ್ನು ಬಾಟಲಿ ನೀರಲ್ಲಿ ಇಟ್ಟಿದ್ದೇನೆ, ಬೇರು ಬಿಟ್ಟರೆ ಇನ್ನೊಂದು ಗಿಡ ಆಗಲಿ.

ಎಲೆಮರೆ

ಮೂರು ತೆಗೆದದ್ದು ಸರಿ. ಬಾಟಲಿಯ ಆಸೆ ಬಿಡಿ. ಮನಿ ಪ್ಲಾಂಟ್ ಬಳ್ಳಿಯಲ್ಲಿ ಗೆಣ್ಣು ಇರುತ್ತದೆ, ಗೆಣ್ಣಿನಿಂದ ಬೇರು ಬರುತ್ತದೆ. ಕ್ಯಾಲಥಿಯಾದಲ್ಲಿ ನಮಗೆ ಕಾಣುವುದು ಎಲೆ ಮತ್ತು ಅದರ ತೊಟ್ಟು ಮಾತ್ರ, ಮೊಳಕೆ ಒಡೆಯುವ ಭಾಗ ಮಣ್ಣಿನೊಳಗಿದೆ. ಆ ಎಲೆ ಎರಡು ವಾರ ಹಸಿರಾಗಿದ್ದು ಆಸೆ ಹುಟ್ಟಿಸಿ ಆಮೇಲೆ ಕೊಳೆಯುತ್ತದೆ. ಈ ಗಿಡ ಎರಡಾಗಬೇಕಾದರೆ ಬುಡವನ್ನೇ ಬೇರು ಸಮೇತ ಪಾಲು ಮಾಡಬೇಕು. ಅದನ್ನು ಗಿಡ ತುಂಬಿಕೊಂಡ ಮೇಲೆ ನೋಡೋಣ.

ಈಗ ಜಾಗ ಬದಲಾಯಿಸಿ. ಕಿಟಕಿಯಿಂದ ಎಂಟು ಅಡಿ ದೂರ ಅಂದಿರಲ್ಲ, ಅದೂ ಈ ಕೊಳೆಯುವಿಕೆಗೆ ಕಾರಣವೇ. ಬೆಳಕು ಕಡಿಮೆ ಇದ್ದರೆ ಗಿಡ ನೀರು ಕುಡಿಯುವುದೂ ಕಡಿಮೆ. ನೀವು ಹಾಕಿದ್ದು ಖರ್ಚೇ ಆಗಿಲ್ಲ. ನೆರಳಿನ ಗಿಡ ಅಂದರೆ ಕತ್ತಲೆಯ ಗಿಡ ಅಂತಲ್ಲ. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ, ಹಾಗಾಗಿ ರೂಮಿನ ಮೂಲೆಯೂ ಬೆಳಕಾಗಿದೆ ಅನಿಸುತ್ತದೆ. ಮಧ್ಯಾಹ್ನ ಗಿಡದ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳೇ ಕಾಣದಿದ್ದರೆ ಬೆಳಕು ಸಾಲದು. ಅಂಚು ಮಸುಕಾದ ನೆರಳು ಬಿದ್ದರೆ ಇದಕ್ಕೆ ಸರಿ. ಬೆರಳು ಬೆರಳೂ ಕತ್ತರಿಸಿಟ್ಟ ಹಾಗೆ ಕಂಡರೆ ಬಿಸಿಲು ಜಾಸ್ತಿ, ಬೆಳ್ಳಿ ಪಟ್ಟೆ ಬಿಳುಚಿಕೊಂಡು ಸುಡುತ್ತದೆ.

ಮೂರನೇ ಮಹಡಿ

ಹಾಳೆಯಲ್ಲಿ ನನ್ನ ಕೈಯ ನೆರಳೇ ಬೀಳಲಿಲ್ಲ. ಕಿಟಕಿಯಿಂದ ಮೂರು ಅಡಿಗೆ, ತೆಳು ಪರದೆಯ ಹಿಂದಕ್ಕೆ ತಂದೆ. ಅಲ್ಲಿ ಮಸುಕು ನೆರಳು ಬರುತ್ತದೆ. ಕಂದು ಅಂಚನ್ನು ಕತ್ತರಿಸಬಹುದಾ? ನೋಡಲಾಗುತ್ತಿಲ್ಲ.

ಎಲೆಮರೆ

ಕತ್ತರಿಸಿ, ಆದರೆ ಎಲೆಯ ಆಕಾರಕ್ಕೆ ತಕ್ಕ ಹಾಗೆ, ಕೂದಲೆಳೆಯಷ್ಟು ಕಂದು ಬಿಟ್ಟು. ಹಸಿರಿಗೆ ಕತ್ತರಿ ತಾಗಿದರೆ ಅಲ್ಲಿಂದ ಹೊಸದಾಗಿ ಒಣಗಲು ಶುರುವಾಗುತ್ತದೆ. ಒಣಗಿದ್ದು ಮತ್ತೆ ಹಸಿರಾಗುವುದಿಲ್ಲ. ಗಿಡ ಚೇತರಿಸಿಕೊಂಡಿದೆಯಾ ಅಂತ ನೋಡಬೇಕಾಗಿರುವುದು ಹೊಸ ಎಲೆಯಲ್ಲಿ.

ಮಂಜುಹನಿ

ಬೇರಿನ ವಿಷಯ ಒಪ್ಪಿದೆ. ಆದರೂ ಗಾಳಿಯ ತೇವ ಬೇಕೇ ಬೇಕು, ಅದನ್ನು ಯಾರೂ ಅಲ್ಲಗಳೆಯಬೇಡಿ.

ಗಾಜಿನ ಮನೆ

ಅಲ್ಲಗಳೆಯುತ್ತಿಲ್ಲ ಮಂಜುಹನಿಯವರೇ. ತೇವ ಬೇಕು, ಶೇಕಡಾ 50ರ ಮೇಲಿದ್ದರೆ ಒಳ್ಳೆಯದು, 60 ಇದ್ದರೆ ಇನ್ನೂ ಒಳ್ಳೆಯದು. ಸ್ಪ್ರೇ ಮಾಡಿದರೆ ಅದು ಬರುವುದಿಲ್ಲ ಅನ್ನುವುದಷ್ಟೇ ನನ್ನ ತಕರಾರು. ಒಂದು ತೇವಮಾಪಕವನ್ನು ಗಿಡದ ಪಕ್ಕ ಇಟ್ಟು ಸ್ಪ್ರೇ ಮಾಡಿ ನೋಡಿ. ಮುಳ್ಳು ಒಮ್ಮೆ ಮೇಲೇರಿ, ಸ್ವಲ್ಪ ಹೊತ್ತಿಗೆಲ್ಲ ಮೊದಲಿನ ಜಾಗಕ್ಕೇ ಇಳಿಯುತ್ತದೆ. ಕಲ್ಲಿನ ತಟ್ಟೆಯಿಂದಲೂ ಹೆಚ್ಚೇನೂ ಆಗದು, ಆವಿ ಇಡೀ ರೂಮಿಗೆ ಹರಡಿಹೋಗುತ್ತದೆ. ಗಿಡಗಳನ್ನು ಗುಂಪಾಗಿ ಇಟ್ಟರೆ ಚೂರು ಪ್ರಯೋಜನ. ನಿಜಕ್ಕೂ ಕೆಲಸ ಮಾಡುವುದು ಗಾಳಿಗೆ ತೇವ ಬಿಡುವ ಯಂತ್ರ, ಅಂದರೆ ಹ್ಯೂಮಿಡಿಫೈಯರ್, ಇಲ್ಲವೇ ಮುಚ್ಚಿದ ಗಾಜು.

ಗಾಜು ಅಂದಾಗ ನೆನಪಾಯಿತು. 1829ರ ಸುಮಾರಿಗೆ ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಅನ್ನುವ ಡಾಕ್ಟರು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಮಣ್ಣಲ್ಲಿ ಜರೀಗಿಡ ಹುಟ್ಟಿಕೊಂಡಿತು. ಊರಿನ ಹೊಗೆಯಲ್ಲಿ ಅವರ ತೋಟದಲ್ಲಿ ಜರೀಗಿಡ ಉಳಿಯುತ್ತಲೇ ಇರಲಿಲ್ಲ, ಬಾಟಲಿಯೊಳಗೆ ಆರಾಮಾಗಿ ಬೆಳೆಯಿತು. ಆವಿಯಾದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡ ತುಂಬಿ ಹಡಗಿನಲ್ಲಿ ಸಿಡ್ನಿಗೆ ಕಳಿಸಿದರು, ತಿಂಗಳುಗಟ್ಟಲೆ ಪ್ರಯಾಣ ಮಾಡಿಯೂ ಬದುಕಿದ್ದವು. ನನ್ನ ಹೆಸರು ಅಲ್ಲಿಂದ ಬಂದದ್ದು.

ಬೆಕ್ಕಿನ ಕಾವಲು

ಇಂಥ ಗಿಡ ಇಟ್ಟರೆ ರೂಮಿನ ಗಾಳಿ ಶುದ್ಧ ಆಗುತ್ತದೆ ಅಂತಾರೆ, ನಾಸಾದವರೇ ಹೇಳಿದ್ದಾರಂತೆ?

ಗಾಜಿನ ಮನೆ

1989ರ ನಾಸಾ ವರದಿ. ಅದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಮಾಡಿದ ಪ್ರಯೋಗ. ಮನೆಯಲ್ಲಿ ಕಿಟಕಿ ಬಾಗಿಲಿನ ಸಂದಿಯಿಂದ ಓಡಾಡುವ ಗಾಳಿಯೇ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕೆಲಸ ಮಾಡುತ್ತದೆ. 2019ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ ನೋಡಿದಾಗ, ಅಷ್ಟು ಶುದ್ಧಿಗೆ ಒಂದೊಂದು ಚದರ ಮೀಟರಿಗೂ 10ರಿಂದ 1000 ಗಿಡ ಬೇಕು ಅಂತ ಬಂತು. ನೀವೂ ಬೆಕ್ಕೂ ಹೊರಗೆ ಮಲಗಬೇಕಾಗುತ್ತದೆ.

ಮೂರನೇ ಮಹಡಿ

ಮೂರು ವಾರ ಆಯಿತು. ಬಾಟಲಿಯ ಎಲೆ ಎಲೆಮರೆಯವರು ಹೇಳಿದ ಹಾಗೆಯೇ ಕೊಳೆಯಿತು. ಕುಂಡದಲ್ಲಿ ಇನ್ನೊಂದು ಎಲೆ ಹಳದಿಯಾಗಿ ಬಿತ್ತು, ಈಗ ಮೂರೇ. ಆದರೆ ಸುರುಳಿ ಬಿಚ್ಚಿಕೊಂಡಿವೆ.

ಹೊಸ ಚಿಂತೆ. ಒಂದು ಎಲೆಯ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ತಿಳಿ ಚುಕ್ಕೆಗಳು. ಪಕ್ಕದ ಎಲೆಯ ತೊಟ್ಟಿನ ಹತ್ತಿರ ಧೂಳು ಅಂಟಿದ ಹಾಗಿದೆ, ಒರೆಸಿದರೆ ಎಳೆ ಎಳೆಯಾಗಿ ಬರುತ್ತದೆ.

ಎಲೆಮರೆ

ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ಬೆರಳಲ್ಲಿ ತಟ್ಟಿ. ಬಿದ್ದ ಧೂಳು ನಡೆಯಲು ಶುರುಮಾಡಿದರೆ ಅದು ಜೇಡ ನುಸಿ.

ಮೂರನೇ ಮಹಡಿ

ನಡೆಯುತ್ತಿದೆ.

ಸೋಮಾರಿ ತೋಟಗಾರ

ನನ್ನ ಸ್ನೇಕ್ ಪ್ಲಾಂಟ್ ಈಗ ನನ್ನನ್ನು ನೋಡಿ ನಕ್ಕ ಹಾಗಾಯಿತು.

ಎಲೆಮರೆ

ಹೆದರಬೇಡಿ, ಬೇಗ ಸಿಕ್ಕಿದೆ. ಮೊದಲು ಈ ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಕುಂಡದ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಗಿಡವನ್ನು ಓರೆ ಮಾಡಿ ನಲ್ಲಿಯ ಕೆಳಗೆ ಎಲೆಯ ಎರಡೂ ಬದಿ ತೊಳೆಯಿರಿ, ಮುಖ್ಯವಾಗಿ ಹಿಂಬದಿ. ನುಸಿ ಬೀಡು ಬಿಡುವುದು ಅಲ್ಲೇ. ಆಮೇಲೆ ಗಿಡಕ್ಕೆಂದೇ ಸಿಗುವ ಕೀಟನಾಶಕ ಸೋಪಿನ ದ್ರಾವಣ ಅಥವಾ ಸೋಪಿನ ಜೊತೆ ಕಲಕಿದ ಬೇವಿನ ಎಣ್ಣೆ. ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲೇ, ಮೊದಲು ಒಂದು ಎಲೆಗೆ ಹಾಕಿ ಒಂದು ದಿನ ನೋಡಿ. ಹಾಕುವುದು ಸಂಜೆ, ಬಿಸಿಲು ಬೀಳುವಾಗ ಬೇಡ.

ಜನ ಎಡವುವುದು ಇದರ ನಂತರ. ಸೋಪಿಗೆ ನುಸಿ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಬೆಚ್ಚಗಿದ್ದರೆ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಒಂದು ವಾರ ಸಾಕು. ಒಂದು ಸಲ ಹಾಕಿ ಗೆದ್ದೆವು ಅಂತ ಕೂತರೆ ಹತ್ತನೇ ದಿನಕ್ಕೆ ಮೊದಲಿನಷ್ಟೇ ಇರುತ್ತವೆ. ಐದು ದಿನಕ್ಕೊಂದು ಸಲ, ಕಡಿಮೆ ಅಂದರೂ ಮೂರು ಸಲ ಮಾಡಿ.

ಮಂಜುಹನಿ

ಒಣ ಗಾಳಿ ಇದ್ದಲ್ಲೇ ಈ ನುಸಿ ಜಾಸ್ತಿ. ಇದನ್ನು ಮಾತ್ರ ನಾನು ಹೇಳಿಯೇ ಹೇಳುತ್ತೇನೆ.

ಎಲೆಮರೆ

ಇದರಲ್ಲಿ ನೀವು ನೂರಕ್ಕೆ ನೂರು ಸರಿ.

ಮೂರನೇ ಮಹಡಿ

ಒಂಬತ್ತನೇ ವಾರ. ನಾಲ್ಕು ಸಲ ತೊಳೆದೆ, ಕಾಗದ ತಟ್ಟಿದರೆ ಈಗ ಏನೂ ಬೀಳುವುದಿಲ್ಲ. ಒಂದು ಸಣ್ಣ ಹ್ಯೂಮಿಡಿಫೈಯರ್ ತಂದೆ, ಮಂಜುಹನಿಯವರ ಮಾತಿಗೆ ಬೆಲೆ ಕೊಟ್ಟು. ಕುಂಡ ಎತ್ತಿ ಭಾರ ನೋಡಿ ನೀರು ಹಾಕುತ್ತಿದ್ದೇನೆ, ಸಿಂಕಿನಲ್ಲಿ ಪೂರ್ತಿ ಬಸಿದ ಮೇಲೆಯೇ ಪಿಂಗಾಣಿ ಕುಂಡಕ್ಕೆ ವಾಪಸ್. ಎಂಟು ಒಂಬತ್ತು ದಿನಕ್ಕೊಂದು ಸಲ ಸಾಕಾಗುತ್ತಿದೆ. ನಾನು ಮೊದಲು ದಿನಾ ಹಾಕುತ್ತಿದ್ದೆ ಅಂತ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹಳೆಯ ತೊಟ್ಟಿನ ಪಕ್ಕದಿಂದ ಬೀಡಿಯ ಹಾಗೆ ಬಿಗಿಯಾಗಿ ಸುತ್ತಿದ ತಿಳಿ ಹಸಿರು ಕೊಳವೆ ಬಂದಿದೆ. ನಾಲ್ಕು ದಿನದಿಂದ ಹಾಗೇ ಇದೆ. ಬಿಚ್ಚಿಕೊಳ್ಳಲು ಕಷ್ಟವಾಗುತ್ತಿದೆಯೇನೋ, ಬೆರಳಲ್ಲಿ ಸ್ವಲ್ಪ ಬಿಡಿಸಲಾ?

ಎಲೆಮರೆ

ಕೈ ಕಟ್ಟಿ ಕೂರಿ. ಬಿಡಿಸಿದರೆ ಹರಿಯುತ್ತದೆ.

ಗಾಜಿನ ಮನೆ

ಕಾಯುವಾಗ ಒಂದು ತಮಾಷೆ ನೋಡಿ. ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಸ್ವಲ್ಪ ಉಬ್ಬಿದ ಗಂಟಿದೆ. ಅದರ ಒಂದು ಬದಿಯ ಜೀವಕೋಶಗಳಿಂದ ಇನ್ನೊಂದು ಬದಿಗೆ ನೀರು ಸರಿದಾಗ ಎಲೆ ಏಳುತ್ತದೆ, ಇಳಿಯುತ್ತದೆ. ರಾತ್ರಿ ಮೇಲಕ್ಕೆ, ಬೆಳಿಗ್ಗೆ ಅಗಲಕ್ಕೆ. ಬೇರು ಕೊಳೆತಿದ್ದಾಗ ನಿಮ್ಮ ಗಿಡ ಇದನ್ನು ನಿಲ್ಲಿಸಿತ್ತಾ?

ಮೂರನೇ ಮಹಡಿ

ನಿಲ್ಲಿಸಿತ್ತು! ನೀವು ಕೇಳಿದ ಮೇಲೆ ಹೊಳೆಯಿತು. ತಂದ ಹೊಸದರಲ್ಲಿ ರಾತ್ರಿ ಎಲೆಗಳು ಎದ್ದು ನಿಲ್ಲುತ್ತಿದ್ದವು, ಆಮೇಲೆ ಯಾವಾಗಲೋ ಹಾಗೇ ಬಿದ್ದುಕೊಂಡಿರಲು ಶುರುವಾದವು. ನಾನು ಗಮನಿಸಿರಲೇ ಇಲ್ಲ. ನಿನ್ನೆ ರಾತ್ರಿ ಲೈಟ್ ಆರಿಸುವಾಗ ನೋಡಿದೆ, ಮೂರರಲ್ಲಿ ಎರಡು ಎದ್ದಿದ್ದವು.

ಗಾಜಿನ ಮನೆ

ಹಾಗಾದರೆ ಬೇರು ಹಿಡಿದಿದೆ. ಅಂದಹಾಗೆ, ಇದರ ಹೆಸರು ಈಗ ಕ್ಯಾಲಥಿಯಾ ಅಲ್ಲ. 2012ರಲ್ಲಿ ಇಂಥ ಬಹುಪಾಲು ಜಾತಿಗಳನ್ನು ಗೋಪರ್ಟಿಯಾ ಅನ್ನುವ ಕುಲಕ್ಕೆ ಸೇರಿಸಿದರು. ನರ್ಸರಿಯಲ್ಲಿ ಮಾತ್ರ ಹಳೇ ಹೆಸರೇ ಓಡುತ್ತಿದೆ.

ಸೋಮಾರಿ ತೋಟಗಾರ

ಸ್ನೇಕ್ ಪ್ಲಾಂಟಿನ ಹೆಸರಾದರೂ ಬಿಟ್ಟಿದ್ದಾರಾ?

ಗಾಜಿನ ಮನೆ

ಇಲ್ಲ. ಅದು ಈಗ ಡ್ರಸೀನಾ.

ಮೂರನೇ ಮಹಡಿ

ಹನ್ನೊಂದನೇ ವಾರ. ಹೊಸ ಎಲೆ ಬಿಚ್ಚಿದೆ, ನನ್ನ ಅಂಗೈಗಿಂತ ಅಗಲ. ಅಂಚು ಪೂರ್ತಿ ಹಸಿರು, ತುದಿಯಲ್ಲಿ ಮಾತ್ರ ಸಾಸಿವೆಯಷ್ಟು ಕಂದು. ನಲ್ಲಿ ನೀರೇ ಹಾಕುತ್ತಿದ್ದೇನೆ, ಅದಕ್ಕಾ?

ಗಾಜಿನ ಮನೆ

ಇರಬಹುದು. ಮುಂದಿನ ಎಲೆ ಬರುವ ತನಕ ಆರ್‌ಒ ನೀರು ಹಾಕಿ ನೋಡಿ. ಅದರಲ್ಲಿ ಖನಿಜ ತೀರಾ ಕಡಿಮೆ, ಹಾಗಾಗಿ ಇನ್ನೊಂದು ಎಲೆ ಬಂದ ಮೇಲೆ ದ್ರವ ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ತಿಂಗಳಿಗೊಮ್ಮೆ ಶುರು ಮಾಡಿ.

ಎಲೆಮರೆ

ಸಾಸಿವೆಯಷ್ಟು ಕಂದು ನನ್ನ ಎಲ್ಲಾ ಎಲೆಯಲ್ಲೂ ಇದೆ. ಸುಮ್ನೆ ಬಿಡಿ. ಸ್ಪ್ರೇ ಬಾಟಲಿ ಏನಾಯಿತು?

ಮೂರನೇ ಮಹಡಿ

ಬಟ್ಟೆ ಇಸ್ತ್ರಿ ಮಾಡುವಾಗ ಬಳಸುತ್ತಿದ್ದೇನೆ.